ಅಮ್ಮನ ಎಡಗೈ ಎಕ್ಸ್‌ರೇ

ಹುಣಸೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಹನ್ನೊಂದು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿದ್ದೇನೆ. "ಉಸಿರು ಎಳ್ಕಳಿ, ಹಿಡ್ಕಳಿ, ಅಲ್ಲಾಡ್ಬೇಡಿ, ಬುಡಿ" ಅನ್ನುವುದು ನನಗೆ ಮಗ್ಗಿಯಂತೆ ಬಾಯಿಪಾಠ. ಹಾಲೆಂಡಿನಿಂದ ಬಂದ ಮೇಲೆ ಇನ್ನೊಂದು ಅಭ್ಯಾಸ ಸೇರಿಕೊಂಡಿದೆ. ಗುಂಡಿ ಒತ್ತುವ ಮುಂಚೆ ಮತ್ತೆ ಒಳಗೆ ಹೋಗುತ್ತೇನೆ. ಪರದೆಯ ಹಿಂದೆ, ಮೇಜಿನ ಕೆಳಗೆ, ಬಾಗಿಲ ಮರೆಯಲ್ಲಿ ಬಗ್ಗಿ ನೋಡುತ್ತೇನೆ. ಹೊರಗೆ ಬಂದವಳು ಇನ್ನೊಂದು ಸಲ ಹೋಗಿ ನೋಡುತ್ತೇನೆ. ಮೊನ್ನೆ ಒಬ್ಬ ರೋಗಿ ಮಲಗಿದ್ದಲ್ಲಿಂದಲೇ ಕೇಳಿದರು: "ಮೇಡಂ, ಓಲೆ ಗೀಲೆ ಕಳ್ಕಂಡ್ರಾ?"

ಹಾಲೆಂಡಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಕೇಳುವುದು ಗಾಳಿಯಂತ್ರದ ಬಗ್ಗೆ, ಹೂವಿನ ಹೊಲದ ಬಗ್ಗೆ. ನೋಡಿದೆ, ಚೆನ್ನಾಗಿವೆ. ಆದರೆ ಏನು ಹೇಳಲು ಹೊರಟರೂ ನಡುವೆ ಒಂದು ಸೀಸದ ಬಾಗಿಲು ಬಂದು ನಿಲ್ಲುತ್ತದೆ. ಅದು ನಿಧಾನವಾಗಿ ಮುಚ್ಚಿಕೊಳ್ಳುತ್ತಿರುತ್ತದೆ, ನಾನು ಅದಕ್ಕೆ ಬೆನ್ನು ಹಾಕಿಕೊಂಡು ನಿಂತಿರುತ್ತೇನೆ. ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ. ಹೋದ ಕಾರಣ ಮೊದಲು.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೆಟ್ಟದಪುರದಿಂದ ಆಚೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಗುಡಿಯ ಉತ್ಸವಮೂರ್ತಿ ಕಳವಾಯಿತು. ಒಂದೂವರೆ ಅಡಿ ಎತ್ತರದ ಲೋಹದ ವಿಗ್ರಹ. ಎಷ್ಟು ಹಳೆಯದೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೊಂದು ಹೆಸರಿದ್ದಿರಬೇಕು, ನಾವು ಕರೆಯುತ್ತಿದ್ದದ್ದು ಅಮ್ಮ ಎಂದೇ. ಹೋದ ವರ್ಷ ಮೈಸೂರಿನ ಸಂಶೋಧಕರೊಬ್ಬರು ಫೋನ್ ಮಾಡಿ, ಹಾಲೆಂಡಿನ ಒಂದು ಮನೆಯ ಸಂಗ್ರಹದ ಪಟ್ಟಿಯಲ್ಲಿ, ನಮ್ಮೂರವರು ಪೊಲೀಸರಿಗೆ ಕೊಟ್ಟಿದ್ದ ದೂರಿನ ವಿವರಕ್ಕೆ ಹೊಂದುವ ಒಂದು ವಿಗ್ರಹದ ಚಿತ್ರವಿದೆ ಎಂದರು. ಕೊಂಡಿದ್ದ ಯಜಮಾನರು ತೀರಿಕೊಂಡಿದ್ದರು. ಅವರ ಮಗಳು ಮಾರೈಕೆ, ಎಪ್ಪತ್ತು ದಾಟಿದ ಹೆಂಗಸು, ಊರಿಗೆ ಕಾಗದ ಬರೆದರು. "ನಿಮ್ಮದೇ ಆದರೆ ನಿಮಗೇ ಸೇರಬೇಕು. ಆದರೆ ನನಗೆ ಇಬ್ಬರು ಅಣ್ಣಂದಿರಿದ್ದಾರೆ. ಗಟ್ಟಿಯಾದ ಗುರುತು ಬೇಕು. ಇಲ್ಲದಿದ್ದರೆ ಉಳಿದ ಸಾಮಾನಿನ ಜೊತೆ ಹರಾಜಿಗೆ ಹೋಗುತ್ತದೆ."

ಗುರುತು ಎಲ್ಲಿಂದ ತರುವುದು? ಹಳೆಯ ಫೋಟೋ ಒಂದೂ ಇಲ್ಲ. ಆಗ ಬಾಯಿಬಿಟ್ಟವರು ಚನ್ನಾಚಾರ್ ತಾತ. ನಮ್ಮೂರ ಲೋಹದ ಕೆಲಸದ ಮನೆತನದವರು, ಎಪ್ಪತ್ತೇಳು ವರ್ಷ. ಅವರ ಹದಿನೇಳನೇ ವಯಸ್ಸಿನಲ್ಲಿ ಹೆಗಲ ಮೇಲೆ ಹೊತ್ತ ಉತ್ಸವದ ಅಡ್ಡೆ ವಾಲಿ, ಅಮ್ಮ ಬಿದ್ದು, ಎಡಗೈ ಮೊಣಕೈ ಮೇಲೆ ಮುರಿದಿತ್ತಂತೆ. ಎರಡು ತುಂಡಿಗೂ ತೂತು ಕೊರೆದು, ಒಳಗೆ ಕಡ್ಡಿ ಕೂರಿಸಿ, ಮೇಲೆ ಬೆಸುಗೆ ಹಾಕಿ ಉಜ್ಜಿದವರು ಅವರೇ. ಹೊರಗಿನಿಂದ ನೋಡಿದರೆ ಏನೂ ಕಾಣದು. "ಎಡಗೈಯೊಳಗೆ ತಾಮ್ರದ ಕಡ್ಡಿ ಇದೆ" ಎಂದು ಅವರು ಹೇಳಿದ್ದನ್ನು ನಾನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ, ಅವರು ಸಹಿ ಹಾಕಿದರು.

ಕತ್ತರಿಸಿ ನೋಡುವಂತಿಲ್ಲ, ಕೆರೆದು ನೋಡುವಂತಿಲ್ಲ. ಮಾರೈಕೆಯ ಊರಿನ ಹತ್ತಿರ ಹಳೆಯ ಲೋಹದ ವಸ್ತುಗಳನ್ನು ಮುಟ್ಟದೆ ಎಕ್ಸ್‌ರೇಯಲ್ಲೇ ಪರೀಕ್ಷಿಸುವ ಪ್ರಯೋಗಾಲಯವಿತ್ತು. ಕೆಲಸ ಮಾಡಿದವರೇ ಬಂದು ಜಾಗ ತೋರಿಸಲಿ ಎಂದು ಮಾರೈಕೆಯೇ ಕರೆಸಿಕೊಂಡರು. ತಾತನ ಜೊತೆ ಯಾರು ಹೋಗುವುದು ಎಂದಾಗ ಊರವರು ನನ್ನ ಕಡೆ ನೋಡಿದರು. "ನಮ್ ಸುಮಾ ಅದೇ ಕೆಲಸ ಅಲ್ವಾ ಮಾಡೋದು, ಎಕ್ಸ್‌ರೇ?" ಎಂದರು. ಮನುಷ್ಯರ ಎಕ್ಸ್‌ರೇ ಎಂದರೆ ಯಾರೂ ಕೇಳಲಿಲ್ಲ.

ವಿಮಾನ ನಿಲ್ದಾಣ

ಮೊದಲ ಗಲಾಟೆ ಬೆಂಗಳೂರಿನಲ್ಲೇ ಆಯಿತು. ತಪಾಸಣೆಯ ಕಮಾನಿನ ಕೆಳಗೆ ತಾತ ಹೋದಾಗಲೆಲ್ಲ ಅದು ಕೂಗಿಕೊಂಡಿತು. ಜೇಬಲ್ಲಿ ಏನೂ ಇಲ್ಲ. ಮೂರನೇ ಸಲಕ್ಕೆ ತಾತ ಅಂಗಿ ಎತ್ತಿ ಸೊಂಟದ ಬೆಳ್ಳಿ ಉಡಿದಾರ ತೋರಿಸಿದರು.

"ತೆಗೀರಿ ಅಜ್ಜ," ಎಂದ ಸಿಬ್ಬಂದಿ.

"ಮದ್ವೇಲೂ ತೆಗ್ದಿಲ್ಲ ಕಣಪ್ಪ, ಈಗ ತೆಗಿತೀನಾ? ಉಡ್ದಾರ ಇಲ್ದೆ ಗಂಡಸು ಆಕಾಸಕ್ಕೆ ಹಾರೋದುಂಟಾ?"

ಆ ಹುಡುಗ ನಕ್ಕು, ಕೈಯಲ್ಲಿ ಹಿಡಿಯುವ ಯಂತ್ರದಿಂದ ಎರಡು ಸಲ ಸವರಿ ಬಿಟ್ಟುಬಿಟ್ಟ. ಅಲ್ಲಿಂದ ಮುಂದೆ ತಾತ ತಮ್ಮದೆಲ್ಲವನ್ನೂ ನನ್ನ ಕೈಗೆ ಕೊಟ್ಟರು. ಪಾಸ್‌ಪೋರ್ಟು, ಟಿಕೆಟ್ಟು, ಕನ್ನಡಕ, ಎಲೆಯಡಿಕೆ ಚೀಲ. "ನೀನೇ ಇಟ್ಕಳವ್ವ." ನಮ್ಮ ಕಡೆ ಹಿರಿಯರು ಕೊಟ್ಟರೆ ಕೈಚಾಚುವುದೊಂದೇ ಗೊತ್ತು. ಏನು ಕೊಟ್ಟರು ಎಂದು ಕೂಡ ನೋಡದೆ ಇಸಿದುಕೊಳ್ಳುತ್ತೇವೆ. ನನ್ನ ಕೈಚೀಲ ಮದುವೆ ಮನೆಯ ಚೀಲದಂತಾಯಿತು. ಇದನ್ನು ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇನೆ ಎಂದರೆ, ಆ ಅಭ್ಯಾಸವೇ ಆಮೇಲೆ ಒಂದು ಜೀವಕ್ಕೆ ಸಂಚಕಾರ ತಂದಿತು.

ಮೊದಲ ದಿನ, ಮಾರೈಕೆಯ ಊರು

ಆ ಊರಲ್ಲಿ ನೀರು ಮೇಲೆ, ಹೊಲ ಕೆಳಗೆ. ಏರಿ ಮೇಲೆ ನಿಂತರೆ ಒಂದು ಕಡೆ ತುಂಬಿದ ಕಾಲುವೆ, ಇನ್ನೊಂದು ಕಡೆ ಆಳುದ್ದ ಕೆಳಗೆ ಹುಲ್ಲುಗಾವಲು, ಹಸುಗಳು. ಭೇರ್ಯದ ನಮ್ಮ ದೊಡ್ಡಮ್ಮನ ಮನೆಯವರು ನಾಲೆಯ ಕೊನೆಯಲ್ಲಿ ನೀರಿಗೆ ಕಾದು ಕಾದು ಸೊರಗುವವರು. ಅವರು ಇದನ್ನು ನೋಡಿದರೆ ಅಲ್ಲೇ ಕೂತು ಅಳುತ್ತಿದ್ದರೇನೋ. ತಾತನಿಗೆ ಮಾತ್ರ ಬೇರೆ ಯೋಚನೆ.

"ತೂಬು ಕಿತ್ರೆ ಊರೆಲ್ಲ ಮುಳುಗ್ತದಲ್ಲವ್ವ. ಅದೆಂಗೆ ನಿದ್ದೆ ಮಾಡ್ತಾರೆ ಇವ್ರು?"

ಅವರ ಮನೆಗಳ ಕಿಟಕಿಗೆ ಪರದೆಯೇ ಇಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗೆ ಕೂತು ಉಣ್ಣುವವರ ತಟ್ಟೆಯೂ ಕಾಣುತ್ತದೆ. ಆದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ತಾತ ಪ್ರತಿ ಕಿಟಕಿಯ ಮುಂದೆಯೂ ನಿಂತು ಕೈ ಮುಗಿದರು. ಉಣ್ಣುತ್ತಿದ್ದವರು ಗಾಬರಿಯಿಂದ ಫೋರ್ಕು ಎತ್ತಿ ಆಡಿಸಿದರು. "ತಾತ, ಹಂಗೆ ನೋಡ್ಬಾರ್ದು" ಎಂದೆ. "ತೆರ್ಕಂಡು ಕೂತಿರೋರು ಅವ್ರು, ನೋಡ್ದೋನ್ದು ತಪ್ಪಾ?" ಎಂದರು.

ಮಾರೈಕೆ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ, ಅದರ ಮೇಲೆ ಸಣ್ಣ ಸಣ್ಣ ಚಾಕೊಲೇಟ್ ಕಾಳು ಉದುರಿಸಿ ಕೊಟ್ಟರು. ದೊಡ್ಡವರೂ ಅದನ್ನೇ ತಿನ್ನುತ್ತಾರೆ. "ಇದ್ಯಾಕವ್ವ ರಾಗಿ ಉದ್ರಿಸವ್ಳೆ?" ಎಂದು ತಾತ ಒಂದು ಕಾಳು ನಾಲಿಗೆಗೆ ಹಾಕಿಕೊಂಡು, ಆಮೇಲೆ ಮೂರು ಚೂರು ತಿಂದರು. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಮುಚ್ಚಿಬಿಟ್ಟರು. ನಮ್ಮಲ್ಲಿ ಹಾಗೆ ಮಾಡಿದರೆ ನೆಂಟಸ್ತನವೇ ಮುರಿದೀತು. ಆದರೆ ಆ ಒಂದೇ ಬಿಸ್ಕತ್ತು ಕೊಟ್ಟ ಹೆಂಗಸು, ನಾವು ಬರುವ ಮುಂಚೆ ನನಗೆ ಫೋನ್ ಮಾಡಿ, "ವಿಗ್ರಹದ ಮುಂದೆ ಏನಿಡಬೇಕು?" ಎಂದು ಕೇಳಿದ್ದರು. ಒಂದು ಹೂವು ಎಂದಿದ್ದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಅಮ್ಮ ನಿಂತಿದ್ದಳು, ಪಾದದ ಹತ್ತಿರ ಒಂದೇ ಒಂದು ಕೆಂಪು ಹೂವು.

ನಾನು ಗುರುತು ಹಿಡಿದೆನೇ? ಮೂರನೇ ಕ್ಲಾಸಿನ ನೆನಪು ಎಷ್ಟು? ತಾತ ಮಾತ್ರ ಬಾಗಿಲಲ್ಲೇ ನಿಂತರು. ಹತ್ತಿರ ಬರಲಿಲ್ಲ. ಸ್ನಾನ ಮಾಡಿಲ್ಲ ಎಂದರು. ಸ್ನಾನ ಮಾಡಿ ಬಂದ ಮೇಲೂ ಹತ್ತಿರ ಹೋಗಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡೆ.

ಸಂಜೆ ಪೇಟೆ ತೋರಿಸಲು ಕರೆದುಕೊಂಡು ಹೋದರು. ರೈಲು ನಿಲ್ದಾಣದ ಮುಂದೆ ಸೈಕಲ್ ನಿಲ್ಲಿಸುವ ಜಾಗ. ಸಾವಿರಾರು ಸೈಕಲ್ಲು, ಎರಡು ಅಂತಸ್ತಿನಲ್ಲಿ. ಎಂಬತ್ತರ ಮುದುಕಿಯರೂ ಅದನ್ನು ಹತ್ತಿ ಗಾಳಿಗೆ ಎದುರಾಗಿ ಹೋಗುತ್ತಾರೆ. ನಾನು ಫೋಟೋ ತೆಗೆಯುತ್ತಿದ್ದರೆ ತಾತ ಮುಖ ತಿರುಗಿಸಿಕೊಂಡು ನಿಂತಿದ್ದರು. "ಸಾಕು ನಡಿಯವ್ವ. ಎತ್ತಾಗ್ ನೋಡುದ್ರೂ ಇವೇ."

ಎರಡನೇ ದಿನ, ವಿಲ್ಲೆಮ್ ಹಿಡಿದ ಕೋವಿ

ಪ್ರಯೋಗಾಲಯದ ವಿಜ್ಞಾನಿ ವಿಲ್ಲೆಮ್ ಎಷ್ಟು ಎತ್ತರ ಎಂದರೆ ಪ್ರತಿ ಬಾಗಿಲಿಗೂ ತಲೆ ತಗ್ಗಿಸುತ್ತಿದ್ದ. ತಾತನಿಗೆ ಅದು ತುಂಬಾ ಹಿಡಿಸಿತು, ವಿನಯವಂತ ಎಂದುಕೊಂಡರು. ಒಳಗೆ ಬರುವವರೆಲ್ಲ ಮೂತಿಗೆ ಕಬ್ಬಿಣ ಕೂರಿಸಿದ ದಪ್ಪ ಬೂಟು ಹಾಕಬೇಕೆಂಬ ನಿಯಮ. ಪಂಚೆಯ ಕೆಳಗೆ ಆ ಬೂಟು ಹಾಕಿಕೊಂಡು ತಾತ ನಡೆದರೆ, ಕೆಸರುಗದ್ದೆಯಲ್ಲಿ ಕಾಲೆತ್ತಿ ಹಾಕಿದಂತೆ ಕಾಣುತ್ತಿತ್ತು.

ಮೊದಲ ಪರೀಕ್ಷೆ ಸುಲಭದ್ದು. ಪಿಸ್ತೂಲಿನ ಆಕಾರದ ಯಂತ್ರವೊಂದನ್ನು ವಿಗ್ರಹಕ್ಕೆ ತಾಗಿಯೂ ತಾಗದಂತೆ ಹಿಡಿಯುತ್ತಾರೆ. ಅದರಿಂದ ಹೊರಟ ಎಕ್ಸ್‌ರೇ ಲೋಹದ ಮೇಲ್ಮೈಗೆ ಬಡಿದಾಗ, ತಾಮ್ರ ತನ್ನದೊಂದು ಕಿರಣವನ್ನು ತಿರುಗಿ ಕಳಿಸುತ್ತದೆ, ತವರ ಬೇರೆಯದನ್ನು, ಸೀಸ ಇನ್ನೊಂದನ್ನು. ಅವುಗಳನ್ನು ಓದಿ ಏನೇನು ಬೆರೆಸಿದ್ದಾರೆಂದು ಹೇಳಬಹುದು. ಒಂದು ಗೀರೂ ಬೀಳುವುದಿಲ್ಲ.

"ಅಮ್ಮನ ಕಡೀಕೆ ಕೋವಿ ತೋರ್ಸ್ತವ್ನಲ್ಲವ್ವ!" ಎಂದು ತಾತ ಮೊದಲು ಹೌಹಾರಿದರು. ಪರದೆಯ ಮೇಲೆ ಗೆರೆಗಳು ಏಳತೊಡಗಿದಾಗ ಕುತೂಹಲ ಶುರುವಾಯಿತು. ತಾಮ್ರ ಹೆಚ್ಚು, ಸೀಸ ಸ್ವಲ್ಪ, ತವರ ಸ್ವಲ್ಪ, ಸತು ತೀರ ಕಡಿಮೆ.

"ಚಿನ್ನ ಎಷ್ಟೈತೆ ಕೇಳವ್ವ. ಅಮ್ಮನ್ನ ಎರಕ ಹುಯ್ಯುವಾಗ ಊರ ಹೆಂಗಸ್ರೆಲ್ಲ ಮೂಗುಬೊಟ್ಟು ಬಿಚ್ಚಿ ಹಾಕಿದ್ರಂತೆ."

ಕೇಳಿದೆ. ವಿಲ್ಲೆಮ್ ನಾಲ್ಕು ಕಡೆ ಹಿಡಿದು ನೋಡಿ ತಲೆಯಾಡಿಸಿದ. ಈ ಯಂತ್ರಕ್ಕೆ ಕಾಣುವಷ್ಟು ಇಲ್ಲ ಎಂದ. ತಾತ ಹೆಗಲು ಕುಣಿಯುವಂತೆ ನಗತೊಡಗಿದರು. "ಅಂದ್ರೆ ನಮ್ ಮುತ್ತಾತ ಯಾವನೋ ಮಡೀಕಂಡವ್ನೆ! ಊರೋರು ಸುಮ್ನೆ ಗಾದೆ ಮಾಡಿಲ್ಲ ಬುಡು, ಅಕ್ಕನ ಚಿನ್ನಾನೂ ಅಕ್ಕಸಾಲಿ ಬುಡಾಕಿಲ್ಲ ಅಂತ."

ಇಡೀ ಪ್ರವಾಸದಲ್ಲಿ ಅವರು ಮನಸಾರೆ ನಕ್ಕಿದ್ದು ಅದೇ ಮೊದಲು. ವಿಲ್ಲೆಮ್‌ಗೂ ಅರ್ಥ ಹೇಳಿದೆ, ಅವನೂ ನಕ್ಕ. "ನಾಳೆ ಕೈಯೊಳಗೆ ನೋಡೋಣ. ಅದಕ್ಕೆ ದೊಡ್ಡ ಯಂತ್ರ ಬೇಕು" ಎಂದ. ತಾತನ ನಗು ನಿಂತುಹೋಯಿತು.

ಮೂರನೇ ದಿನ, ಆ ಬಾಗಿಲು

ಲೋಹದ ಒಳಗೆ ತೂರುವ ಎಕ್ಸ್‌ರೇ ನಮ್ಮ ಹುಣಸೂರಿನದಲ್ಲ. ಎದೆಯ ಚಿತ್ರಕ್ಕೆ ನಾವು ಬಳಸುವುದರ ಮುಂದೆ ಅದು ದೀಪದ ಮುಂದಿನ ಕಾಡ್ಗಿಚ್ಚು. ಅದಕ್ಕೇ ಯಂತ್ರ ಇರುವುದು ಕಾಂಕ್ರೀಟಿನ ಕೋಣೆಯಲ್ಲಿ. ಗೋಡೆ ಒಂದು ಮಾರು ದಪ್ಪ. ಬಾಗಿಲು ಸೀಸದ ಹಲಗೆ, ಮೋಟಾರಿನಿಂದ ಜರುಗಿ ಮುಚ್ಚಲು ಇಪ್ಪತ್ತು ಸೆಕೆಂಡಾದರೂ ಬೇಕು.

ನಿಯಮ ಸರಳ. ಕೋಣೆಯ ಹೊರಗೋಡೆಯ ಹಲಗೆಯಲ್ಲಿ ನಾಲ್ಕು ಬೀಗದ ಕೈ ಇವೆ. ಒಳಗೆ ಹೋಗುವ ಪ್ರತಿಯೊಬ್ಬರೂ ಒಂದನ್ನು ತೆಗೆದುಕೊಂಡು ಹೋಗಬೇಕು, ಹೊರಗೆ ಬಂದು ತಮ್ಮದನ್ನು ತಮ್ಮ ಕೈಯಿಂದಲೇ ಸಿಕ್ಕಿಸಬೇಕು. ನಾಲ್ಕೂ ಹಲಗೆಯಲ್ಲಿದ್ದರೆ ಮಾತ್ರ ಯಂತ್ರ ಚಾಲೂ ಆಗುತ್ತದೆ. ಕೊನೆಯವರು ಕೋಣೆಯನ್ನೆಲ್ಲ ಸುತ್ತಿ ನೋಡಿ, ಹಿಂದಿನ ಗೋಡೆಯ ಗುಂಡಿ ಒತ್ತಿ ಹೊರಗೆ ಬರಬೇಕು. ಆಮೇಲೆ ಬಾಗಿಲು ಮುಚ್ಚಿ, ಮೂವತ್ತು ಸೆಕೆಂಡು ಎಚ್ಚರಿಕೆಯ ಸದ್ದು, ಆಮೇಲೆ ಕಿರಣ. ನಾನು ತಾತನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಒಳಗೆ ಕೆಂಪು ಹಗ್ಗವಿದೆ, ಎಳೆದರೆ ಎಲ್ಲ ನಿಲ್ಲುತ್ತದೆ ಎಂದೂ ಹೇಳಿದೆ. ಅವರು ಹೂಂ ಎಂದರು. ಅವರ ಕಣ್ಣು ಅಮ್ಮನ ಮೇಲಿತ್ತು.

ಎಡಗೈ ಮಾತ್ರ ಚಿತ್ರಕ್ಕೆ ಸಿಗಬೇಕಾದ್ದರಿಂದ ವಿಲ್ಲೆಮ್ ಅಮ್ಮನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದ. ನನ್ನ ಪಕ್ಕ ತಾತನ ಉಸಿರು ಕೇಳಿಸಿತು.

"ಅಂಗಾತ ಮಲಗ್ಸವ್ನಲ್ಲವ್ವ. ದೇವ್ರನ್ನ ಹಂಗ್ ಮಲಗುಸ್ತಾರಾ? ಹೆಣ ಮಲಗುಸ್ದಂಗೆ?"

"ಅರ್ಧ ಗಂಟೆ ಅಷ್ಟೆ ತಾತ. ಆಮೇಲೆ ನಿಲ್ಲಿಸ್ತಾರೆ."

ಹೊರಗೆ ಬರುತ್ತ ತಾತ ತಮ್ಮ ಬೀಗದ ಕೈ ನನ್ನ ಕಡೆ ಚಾಚಿದರು. "ಇಟ್ಕಳವ್ವ." ಇಸಿದುಕೊಂಡೆ. ಪಾಸ್‌ಪೋರ್ಟು ಇಸಿದುಕೊಂಡ ಹಾಗೆ, ಕನ್ನಡಕ ಇಸಿದುಕೊಂಡ ಹಾಗೆ.

ನಾನೂ ಇದೇ ಕೆಲಸದವಳು ಎಂಬ ಗೌರವಕ್ಕೆ ವಿಲ್ಲೆಮ್ ಕೋಣೆ ಸುತ್ತುವ ಕೆಲಸ ನನಗೆ ಬಿಟ್ಟ. ಸುತ್ತಿದೆ, ಮೇಜಿನ ಕೆಳಗೂ ನೋಡಿದೆ, ಹಿಂದಿನ ಗುಂಡಿ ಒತ್ತಿದೆ, ಹೊರಗೆ ಬಂದೆ. ಬಾಗಿಲು ಜರುಗತೊಡಗಿತು. ನಾನು ಅದಕ್ಕೆ ಬೆನ್ನು ಹಾಕಿ ಹಲಗೆಗೆ ಬೀಗದ ಕೈ ಸಿಕ್ಕಿಸುತ್ತಿದ್ದೆ. ವಿಲ್ಲೆಮ್‌ನದು ಆಗಲೇ ಅಲ್ಲಿತ್ತು, ಇನ್ನೊಂದನ್ನು ಯಾರೂ ತೆಗೆದಿರಲಿಲ್ಲ. ನನ್ನದು ಸಿಕ್ಕಿಸಿದೆ. ತಾತನದೂ ಸಿಕ್ಕಿಸಿದೆ. ನಾಲ್ಕೂ ಸರಿಯಾಯಿತು. ಮೂಲೆಯಾಚೆ ಕೂತಿದ್ದ ವಿಲ್ಲೆಮ್‌ಗೆ "ಸರಿ" ಎಂದು ಕೂಗಿದೆ. ಬಾಗಿಲು ಮುಚ್ಚಿತು. ಸದ್ದು ಶುರುವಾಯಿತು.

ತಾತ ಎಲ್ಲಿ ಎಂದು ತಿರುಗಿದೆ. ಹೊರಗೆ ಕಾಯುತ್ತಿದ್ದ ಮಾರೈಕೆಯ ಜೊತೆ ಕಾಫಿಗೆ ಹೋಗಿರಬೇಕು ಅನ್ನಿಸಿತು. ನಿಜವಾಗಿ ಅಷ್ಟೇ ಅನ್ನಿಸಿತು. ಆಮೇಲೆ ಕಣ್ಣು ಕೆಳಗೆ ಹೋಯಿತು. ಸೀಸದ ಬಾಗಿಲ ಪಕ್ಕದಲ್ಲಿ, ಗೋಡೆಗೆ ಒತ್ತಿ, ಒಂದು ಜೊತೆ ಬೂಟು. ಗುಡಿಯ ಮುಂದೆ ಬಿಡುವ ಹಾಗೆ ಅಚ್ಚುಕಟ್ಟಾಗಿ ಜೋಡಿಸಿ ಬಿಟ್ಟದ್ದು.

ಬೂಟು ಬಿಟ್ಟು ಕಾಫಿಗೆ ಹೋಗುತ್ತಾರೆಯೇ? ಈ ಒಂದು ಪ್ರಶ್ನೆ ತಲೆಯೊಳಗೆ ಪೂರ್ತಿಯಾಗಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅದನ್ನೇ ನಾನು ಇವತ್ತಿಗೂ ಅಳೆಯುತ್ತಿರುತ್ತೇನೆ. ಕೂಗಿದೆನಂತೆ, ಕನ್ನಡದಲ್ಲಿ. ಯಂತ್ರ ನಿಲ್ಲಿಸಲು ಹೊರಗೋಡೆಯಲ್ಲಿದ್ದ ಕೆಂಪು ಗುಂಡಿಗೆ ಅಂಗೈಯಿಂದ ಬಡಿದೆ. ಸದ್ದು ನಿಂತಿತು. ಅದರ ಪಕ್ಕದ ಪರದೆಯಲ್ಲಿ ಇಳಿಯುತ್ತಿದ್ದ ಅಂಕಿ ಒಂಬತ್ತರಲ್ಲಿ ನಿಂತಿತ್ತು.

ಬಾಗಿಲು ತೆರೆಯಲು ಮತ್ತೆ ಇಪ್ಪತ್ತು ಸೆಕೆಂಡು. ಅದು ಜರುಗಿ ಜರುಗಿ ದಾರಿ ಕೊಟ್ಟಾಗ, ತಾತ ಮೇಜಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಬೆನ್ನು ಹಾಕಿದ್ದಾಗ, ಮುಚ್ಚುತ್ತಿದ್ದ ಬಾಗಿಲ ಸಂದಿನಲ್ಲಿ ನುಸುಳಿದ್ದರು. ವಿಲ್ಲೆಮ್‌ಗೆ ಒಳಗಿನದನ್ನು ತೋರಿಸುವ ಕ್ಯಾಮೆರಾ ನೋಡುತ್ತಿದ್ದದ್ದು ಅಮ್ಮನ ಎಡಗೈಯನ್ನು ಮಾತ್ರ, ಪಕ್ಕದಲ್ಲಿ ಕೂತವರನ್ನಲ್ಲ. ತಾತನ ಟವಲ್ಲು ನಾಲ್ಕು ಮಡಿಕೆಯಾಗಿ ಅಮ್ಮನ ತಲೆಯ ಕೆಳಗಿತ್ತು. ನನ್ನನ್ನು ನೋಡಿ ಕೇಳಿದರು:

"ಗಂಟೆ ಬಾರಿಸ್ದಂಗೆ ಆಯ್ತು. ಮುಗೀತಾ?"

ಅದೇ ದಿನ, ಕಾಲುವೆ ದಂಡೆ

ವಿಲ್ಲೆಮ್ ಬೈಯಲಿಲ್ಲ. ನೆಲದ ಮೇಲೆ ಕೂತುಬಿಟ್ಟ, ಅಷ್ಟು ಉದ್ದದ ಮನುಷ್ಯ. ಆಮೇಲೆ ಎದ್ದು, ಇವತ್ತು ಕೆಲಸ ಸಾಕು ಎಂದು ಹೇಳಿ, ಏನಾಯಿತೆಂದು ಎಲ್ಲರೂ ಬೇರೆ ಬೇರೆ ಕೂತು ಬರೆಯಿರಿ ಎಂದ. "ಯಾರ ತಪ್ಪು ಎಂದು ಬರೆಯಬೇಡಿ. ಏನು ಮಾಡಿದಿರಿ ಎಂದು ಬರೆಯಿರಿ." ನಾನು ಬರೆದೆ: ಅವರ ಬೀಗದ ಕೈಯನ್ನು ನಾನು ಸಿಕ್ಕಿಸಿದೆ. ವಿಲ್ಲೆಮ್ ಬರೆದ: ಅತಿಥಿಗೆ ನನ್ನ ಕೆಲಸ ಬಿಟ್ಟುಕೊಟ್ಟೆ. ಕಿರಣ ಹೊರಡದ ಕಾರಣ ತಾತನಿಗೆ ಏನೂ ಆಗಿರಲಿಲ್ಲ.

ಮಾರೈಕೆ ನಮ್ಮನ್ನು ಕಾಲುವೆ ದಂಡೆಯ ಬೆಂಚಿನ ಮೇಲೆ ಕೂರಿಸಿ, ಏನಾದರೂ ಬಿಸಿಯಾಗಿ ತರುತ್ತೇನೆಂದು ಹೋದರು.

"ಯಾಕೆ ತಾತ? ಯಾಕೆ ಒಳಗೆ ಹೋದ್ರಿ? ಇನ್ನ ಒಂಬತ್ತು ಎಣಿಸಿದ್ರೆ..."

ತಾತ ನೀರು ನೋಡುತ್ತಿದ್ದರು. "ತಲೆ ಕೆಳೀಕೆ ಏನಾರ ಇಡವಾ ಅಂತ ಹೋದೆ. ಅದೂ ನಿಜವೇ. ಇನ್ನೊಂದ್ ಮಾತಿತ್ತು. ಮಿಸೀನು ಹೇಳೋಕ್ ಮುಂಚೆ ಅಮ್ಮುಂಗೆ ನಾನೇ ಹೇಳ್ಬೇಕಿತ್ತು ಕಣವ್ವ."

"ಏನು?"

"ಅದು ತಾಮ್ರ ಅಲ್ಲ."

ಅವರ ಅಪ್ಪ ಜ್ವರದಲ್ಲಿ ಮಲಗಿದ್ದರಂತೆ. ಮಗನ ಕೈಗೆ ತಾಮ್ರದ ಕಡ್ಡಿ ಕೊಟ್ಟು, ಕಬ್ಬಿಣ ಮಾತ್ರ ಮುಟ್ಟಿಸಬೇಡ ಎಂದಿದ್ದರಂತೆ. ದೇವರ ಮೈಯೊಳಗೆ ಕಬ್ಬಿಣ ಹೋಗಬಾರದು ಎನ್ನುವುದು ಅವರ ಮನೆತನದ ಮೊದಲ ಪಾಠ.

"ಮೂರು ಸತಿ ಹಾಕ್ದೆ. ಮೂರು ಸತೀನೂ ತಾಮ್ರ ಬಾಗಿ ಕೈ ಜೋತಾಡ್ತು. ಬೆಳಗಾದ್ರೆ ಮತ್ತೆ ಉತ್ಸವ. ಕಂಪಲಾಪುರದಲ್ಲಿ ಸೈಕಲ್ ರಿಪೇರಿ ಮಾಡೋನು ನನ್ ಸ್ನೇಹಿತ. ಅವನತ್ರ ಹಳೇ ಚಕ್ರದ್ದೊಂದು ಕಡ್ಡಿ ಈಸ್ಕಂಬಂದು ಕತ್ತರ್ಸಿ ಕೂರಿಸ್ದೆ. ಗಟ್ಟಿಯಾಗ್ ನಿಂತ್ಕತು. ಊರೆಲ್ಲ ಹೊಗಳ್ತು. ಅಪ್ಪನೂ ಹೊಗಳ್ದ." ಎಲೆಯಡಿಕೆ ಚೀಲಕ್ಕೆ ನನ್ನ ಕಡೆ ಕೈ ಚಾಚಿದರು. "ಎಷ್ಟೋ ವರ್ಸ ಆದ್ಮ್ಯಾಕೆ ಅಮ್ಮ ಊರು ಬುಟ್ಲು. ಕಳ್ರು ಕದ್ರು ಅಂದ್ರು ಎಲ್ರೂ. ನಂಗೊತ್ತಿತ್ತು. ಕಬ್ಬಿಣ ಸೈಸ್ದೆ ಹೊಂಟೋದ್ಲು."

ದಂಡೆಯ ಮೇಲೆ ಒಬ್ಬರ ಹಿಂದೊಬ್ಬರು ಸೈಕಲ್ಲಿನಲ್ಲಿ ಹೋಗುತ್ತಲೇ ಇದ್ದರು. ಮೊದಲ ದಿನ ತಾತ ಮುಖ ತಿರುಗಿಸಿಕೊಂಡದ್ದು ಯಾಕೆಂದು ಆಗ ಗೊತ್ತಾಯಿತು.

ನನಗೆ ಹೊಸ ಭಯ ಹಿಡಿಯಿತು. ತಾಮ್ರ ಎಂದು ನಾನೇ ಟೈಪ್ ಮಾಡಿದ ಕಾಗದ ಮಾರೈಕೆಯ ಅಣ್ಣಂದಿರ ಕೈಯಲ್ಲಿದೆ. ಈಗ ಅಲ್ಲ ಎಂದರೆ? ಸುಳ್ಳುಗಾರ ಮುದುಕ ಎನ್ನುತ್ತಾರೆ. ಅಮ್ಮ ಹರಾಜಿಗೆ ಹೋಗುತ್ತಾಳೆ. ಸುಮ್ಮನಿದ್ದು, ಚಿತ್ರದಲ್ಲಿ ಯಾವುದೋ ಒಂದು ಕಡ್ಡಿ ಕಂಡರೆ ಸಾಕು ಎಂದುಬಿಡಬಹುದು. ಲೋಹ ಯಾವುದೆಂದು ಯಾರು ಅಷ್ಟು ಕೆದಕುತ್ತಾರೆ?

ಆದರೆ ನನ್ನ ಕೆಲಸವೇ ಅದು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿಕೊಂಡು ಬರುವ ಹೆಂಗಸರ ಕೈ ಮೂಳೆ ಬೇರೆಯದನ್ನೇ ಹೇಳುವುದನ್ನು ನಾನು ನೋಡಿದ್ದೇನೆ. ಚಿತ್ರ ಬಂದ ಮೇಲೆ ಹೇಳಿದ ನಿಜಕ್ಕೆ ಬೆಲೆ ಕಡಿಮೆ. ಹೇಳುವುದಾದರೆ ಮುಂಚೆಯೇ ಹೇಳಬೇಕು. ತಾತನಿಗೆ ಹಾಗೆಂದೆ.

"ಹೇಳ್ಬುಡವ್ವ," ಎಂದರು. "ಅಮ್ಮುಂಗೆ ಹೇಳಾಯ್ತು. ಇನ್ಯಾರಿಗಾದ್ರೇನು?"

ನಾಲ್ಕನೇ ದಿನ

ಬೆಳಿಗ್ಗೆ ಯಂತ್ರದ ಕೋಣೆಗೆ ಹೋಗುವ ಮುಂಚೆ ಹೇಳಿದೆ. ಮಾರೈಕೆಯ ಮುಖ ಸಪ್ಪಗಾಯಿತು. "ಅಣ್ಣಂದಿರಿಗೆ ಏನೆಂದು ಹೇಳಲಿ?" ಎಂದರು. ವಿಲ್ಲೆಮ್ ಒಂದು ಹಾಳೆ ತೆಗೆದು, ಅದರ ಮೇಲೆ ಸೈಕಲ್ ಕಡ್ಡಿ ಬರೆದ. ಒಂದು ತುದಿ ಬಾಗಿದ್ದು, ಇನ್ನೊಂದು ತುದಿಯಲ್ಲಿ ಸುರುಳಿ ಸುರುಳಿ ಥ್ರೆಡ್ಡು. "ಎಲ್ಲಿ ಕತ್ತರಿಸಿದ್ದು? ಯಾವ ತುದಿ ಯಾವ ಕಡೆ?"

ತಾತ ಪೆನ್ನು ಇಸಿದುಕೊಂಡರು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ ಗುರುತು ಮಾಡಿ, ಬಾಗಿದ ತುದಿಯ ಕಡೆಯದನ್ನು ಹೊಡೆದು ಹಾಕಿದರು. ಥ್ರೆಡ್ಡಿನ ತುದಿಯ ಮುಂದೆ ಒಂದು ಪುಟ್ಟ ಅಂಗೈ ಬರೆದರು, ಐದು ಬೆರಳಿನದು. ಥ್ರೆಡ್ಡು ಅಂಗೈಯ ಕಡೆಗೆ, ಕತ್ತರಿಸಿದ ತುದಿ ಭುಜದ ಕಡೆಗೆ. ವಿಲ್ಲೆಮ್ ಹಾಳೆಯ ಮೇಲೆ ಗಂಟೆ ಬರೆದು, ನಾಲ್ವರಿಂದಲೂ ಸಹಿ ಹಾಕಿಸಿದ.

ಅಮ್ಮನನ್ನು ಮತ್ತೆ ಅಂಗಾತವೇ ಮಲಗಿಸಬೇಕಿತ್ತು. ಆದರೆ ಈ ಸಲ ತಲೆಯ ಕೆಳಗೆ ತಾತನ ಟವಲ್ಲು ಇರಲಿ ಎಂದು ವಿಲ್ಲೆಮ್ ತಾನೇ ಹೇಳಿದ. ಬಟ್ಟೆ ಚಿತ್ರಕ್ಕೆ ಅಡ್ಡಿಯಲ್ಲ ಎಂದ. ಕೋಣೆಯನ್ನು ತಾನೇ ಸುತ್ತಿದ. ತಾತ ತಮ್ಮ ಬೀಗದ ಕೈಯನ್ನು ತಾವೇ, ಎರಡೂ ಕೈಯಿಂದ ಹಿಡಿದು ಹಲಗೆಗೆ ಸಿಕ್ಕಿಸಿದರು. ಆ ಮೂವತ್ತು ಸೆಕೆಂಡೂ ನಾನು ಅವರ ತೋಳು ಹಿಡಿದುಕೊಂಡೇ ನಿಂತಿದ್ದೆ. "ನೋಯ್ತದೆ ಬುಡವ್ವ, ಎಲ್ಲೂ ಹೋಗಾಕಿಲ್ಲ" ಎಂದರು.

ಚಿತ್ರ ಪರದೆಯ ಮೇಲೆ ಬಂದಾಗ ನಾನು ಮೊದಲು ನೋಡಿದ್ದು ಅಭ್ಯಾಸಬಲದಿಂದ ಮೂಳೆಯನ್ನು. ಅಷ್ಟು ಕೈಯಂತೆಯೇ ಇತ್ತು. ಮೊಣಕೈಯ ಮೇಲೆ ಅಡ್ಡಲಾಗಿ ಮುರಿದ ಗೆರೆ. ಅದನ್ನು ದಾಟಿಕೊಂಡು ಉದ್ದಕ್ಕೆ ಬೇರೆ ಛಾಯೆಯ ಒಂದು ಕಡ್ಡಿ. ವಿಲ್ಲೆಮ್ ಅದನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಅಂಗೈಯ ಕಡೆಯ ತುದಿಯಲ್ಲಿ ಸಣ್ಣ ಸಣ್ಣ ಮೆಟ್ಟಿಲು, ಏಣಿಯ ಹಾಗೆ.

ವಿಲ್ಲೆಮ್ ಗಟ್ಟಿಯಾಗಿ ನಕ್ಕ. "ಈ ದೇಶದಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಇದನ್ನು ಗುರುತು ಹಿಡಿಯುತ್ತಾರೆ" ಎಂದ. ಆಮೇಲೆ ಗಂಭೀರವಾಗಿ ಇನ್ನೊಂದು ಮಾತು ಹೇಳಿದ. ಒಳಗೆ ತಾಮ್ರವೇ ಇದ್ದಿದ್ದರೆ ಸುತ್ತಲಿನ ಲೋಹವೂ ಹೆಚ್ಚಾಗಿ ತಾಮ್ರವೇ ಆದ್ದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದೇ ಕಷ್ಟವಾಗುತ್ತಿತ್ತು. ಕಬ್ಬಿಣವಾದ್ದರಿಂದ ಇಷ್ಟು ಸ್ಪಷ್ಟ. ಇದನ್ನು ತಾತನಿಗೆ ಹೇಳಿದೆ. ಅವರು ಪರದೆಯ ಹತ್ತಿರ ಹೋಗಿ, ಆ ಏಣಿಯಂಥ ತುದಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತರು. ಮೂಗು ಒರೆಸಿಕೊಳ್ಳಲು ಟವಲ್ಲಿಗೆ ಕೈ ಹಾಕಿದರು, ಟವಲ್ಲು ಒಳಗಿತ್ತು.

ಮಾರೈಕೆ ಅಣ್ಣಂದಿರಿಗೆ ಫೋನ್ ಮಾಡಿದರು. ಡಚ್ ಭಾಷೆ, ನನಗೆ ಒಂದಕ್ಷರವೂ ತಿಳಿಯದು. 'ಫೀಟ್ಸ್' ಎಂಬ ಒಂದು ಮಾತು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಸೈಕಲ್ಲು ಎಂದರ್ಥ ಎಂದು ವಿಲ್ಲೆಮ್ ಪಿಸುಗುಟ್ಟಿದ. ಆ ಕಡೆಯಿಂದ ಏರಿದ ದನಿ, ಆಮೇಲೆ ಫೋನಿನಾಚೆಗೂ ಕೇಳುವಂಥ ನಗು. ಫೋನಿಟ್ಟು ಮಾರೈಕೆ, "ಹಿರಿಯಣ್ಣ ಆ ಹಾಳೆಯನ್ನು ಕಳಿಸು ಎಂದ. ಚಿತ್ರಕ್ಕೆ ಮುಂಚೆ ಬರೆದದ್ದು ಅಲ್ಲವೇ ಎಂದು ಮೂರು ಸಲ ಕೇಳಿದ. ಹೌದೆಂದೆ. ಇಬ್ಬರೂ ಒಪ್ಪಿದರು" ಎಂದರು.

ವಿಲ್ಲೆಮ್ ಮಾತ್ರ ಇನ್ನೂ ಚಿತ್ರ ನೋಡುತ್ತಿದ್ದ. ಕಡ್ಡಿಯ ಸುತ್ತ ಮೋಡದಂಥ ಕಲೆ ತೋರಿಸಿದ. ತುಕ್ಕು. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ, ಹೊರಗಿನ ಲೋಹದಲ್ಲಿ ಕೂದಲೆಳೆಯಷ್ಟು ಸೀಳು ಶುರುವಾಗಿದೆ. ಹೀಗೇ ಬಿಟ್ಟರೆ ಕೈ ಮತ್ತೆ ಒಡೆಯುತ್ತದೆ. ಅನುಭವವಿದ್ದವರು ತೆಗೆಯಬೇಕು, ಇಲ್ಲಿ ಒಳ್ಳೆಯವರಿದ್ದಾರೆ ಎಂದ.

ನಾನು ಹೇಳಿ ಮುಗಿಸುವ ಮುಂಚೆಯೇ ತಾತ ತಲೆಯಾಡಿಸಿದರು. "ಯಾರೂ ಮುಟ್ಟೋದ್ ಬ್ಯಾಡ. ನಾನ್ ಹಾಕಿದ್ದು, ನಾನೇ ತೆಗಿತೀನಿ. ಹೆಂಗೆ ಕೂರ್ಸಿದೀನಿ ಅಂತ ನಂಗೊಬ್ಬಂಗೇ ಗೊತ್ತಿರೋದು."

"ಎಷ್ಟು ದಿನ ಬೇಕು ಕೇಳಿ" ಎಂದರು ಮಾರೈಕೆ.

"ಅರ್ಧ ದಿನ ಸಾಕು. ಆದ್ರೆ ಇಲ್ಲಲ್ಲ ಕಣವ್ವ. ಇಲ್ಲಿ ನಂಗೆ ಒಲೆ ಇಲ್ಲ, ತಿದಿ ಇಲ್ಲ, ಅಮ್ಮುಂಗೆ ನೆರಳಿಲ್ಲ. ಊರಲ್ಲಿ."

ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಕಾಗದಪತ್ರಗಳ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ, ಎರಡು ಸರ್ಕಾರಗಳ ಅಪ್ಪಣೆ ಬೇಕು ಎಂದೆಲ್ಲ ಮಾರೈಕೆ ಹೇಳುತ್ತಾರೆಂದು ಕಾಯುತ್ತಿದ್ದೆ. ಅವರು ಕೈಚೀಲದಿಂದ ಒಂದು ಪುಟ್ಟ ಡೈರಿ ತೆಗೆದು, ವರ್ಷದ ಕೊನೆಯ ಪುಟಗಳನ್ನು ಮಗುಚುತ್ತ ಕೇಳಿದರು: "ನಿಮ್ಮ ಊರಿಗೆ ನನ್ನ ವಯಸ್ಸಿನವರು ಬರುವುದಾದರೆ ಯಾವ ತಿಂಗಳು ಒಳ್ಳೆಯದು?"

ತಾತ ಯೋಚಿಸಿದರು. "ಮಾರ್ನೋಮಿ ಕಳ್ದು ದೀಪಾವಳೀನೂ ಆಗ್ಲಿ. ಮಳೆ ನಿಂತಿರ್ತದೆ. ಹೊಗೆಸೊಪ್ಪಿನ ಕೆಲಸಾನೂ ಒಂದ್ ಹದಕ್ಕೆ ಬಂದಿರ್ತದೆ, ಮನೇಲಿ ಜನ ಇರ್ತಾರೆ. ಆಗ ಬರಕ್ಕೇಳು."

ಮಾರೈಕೆ ನವೆಂಬರಿನ ಒಂದು ಪುಟದಲ್ಲಿ ಊರ ಹೆಸರು ಬರೆದು, ಕೆಳಗೆ ತಮ್ಮ ಹೆಸರು ಬರೆದುಕೊಂಡರು. ತಾತ ಬಗ್ಗಿ ಆ ಪುಟ ನೋಡಿದರು.

"ಅಮ್ಮನ್ದೂ ಬರ್ಕಳಕ್ಕೇಳವ್ವ. ಬರೋರು ಇಬ್ರಲ್ವಾ?"

ಹೆಸರು ಹೇಗೆ ಬರೆಯುವುದೆಂದು ಮಾರೈಕೆ ಕೇಳಿದರು. ನಾಲ್ಕು ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳಿದೆ. ಅವರು ಬರೆದುಕೊಂಡರು.